ಟೆನಿಸ್ ಆಡಿಸುತ್ತ ಗಣಿತ ಕಲಿಸುವುದು: ಲೆಕ್ಕ ಆಟದೊಳಗೇ ಇರಬೇಕೆಂದರೆ ಏನು ಮಾಡಬೇಕು?

ಗೋಡೆಹಲಗೆ

ಮೂರನೇ ಮತ್ತು ನಾಲ್ಕನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಈ ವರ್ಷ ವಾರಕ್ಕೊಂದು ಗಣಿತದ ಅವಧಿಯನ್ನು ಮೈದಾನದಲ್ಲಿ ನಡೆಸಲು ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಆಟದ ಶಿಕ್ಷಕರು ಟೆನಿಸ್ ಬಲ್ಲವರಾದ್ದರಿಂದ ಅದನ್ನೇ ಆರಿಸಿಕೊಂಡಿದ್ದೇವೆ.

ಸಿದ್ಧ ಪಾಠಯೋಜನೆಗಳನ್ನು ಹುಡುಕಿ ಓದಿದೆ. ಹೆಚ್ಚಿನವುಗಳಲ್ಲಿ ಒಂದೇ ತಂತ್ರ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಶಿಕ್ಷಕರು “ಏಳೆಂಟಲೆ ಎಷ್ಟು?” ಎಂದು ಕೇಳುತ್ತಾರೆ, ಸರಿಯಾಗಿ ಹೇಳಿದ ಮಗುವಿಗೆ ಚೆಂಡು ಹೊಡೆಯುವ ಅವಕಾಶ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಇಲ್ಲಿ ಲೆಕ್ಕ ಎನ್ನುವುದು ಚೆಂಡಿಗಾಗಿ ಕಟ್ಟಬೇಕಾದ ಸುಂಕ. ಸುಂಕ ಕಟ್ಟಿ ಒಳಗೆ ಹೋದವರಿಗೆ ಅದರ ಮೇಲೆ ಪ್ರೀತಿ ಹುಟ್ಟುವುದಿಲ್ಲ. ಅಲ್ಲಿ ಟೆನಿಸ್ ಬದಲು ಕುಂಟೆಬಿಲ್ಲೆ ಇಟ್ಟರೂ ಪಾಠ ಬದಲಾಗುವುದಿಲ್ಲ, ಅಂದರೆ ಟೆನಿಸ್‌ಗೂ ಆ ಲೆಕ್ಕಕ್ಕೂ ಸಂಬಂಧವೇ ಇಲ್ಲ ಎಂದಾಯಿತು.

ನನಗೆ ಬೇಕಿರುವುದು ಬೇರೆ. ಆಟ ಮುಂದುವರಿಯಬೇಕಾದರೆ ಲೆಕ್ಕ ಮಾಡಲೇಬೇಕು, ಲೆಕ್ಕ ಮಾಡಿದವರಿಗೆ ಆಟದಲ್ಲಿ ಏನೋ ಒಂದು ಹೊಳೆಯಬೇಕು. ಅಂಥ ಚಟುವಟಿಕೆಗಳನ್ನು ಮಾಡಿಸಿದವರು, ಯೋಚಿಸಿದವರು ದಯವಿಟ್ಟು ಬರೆಯಿರಿ.

ಬೇಸ್‌ಲೈನ್

ಹತ್ತು ವರ್ಷದೊಳಗಿನ ಮಕ್ಕಳಿಗೆ ಟೆನಿಸ್ ತರಬೇತಿ ಕೊಡುತ್ತೇನೆ. ಮೇಡಂ, ನಿಮಗೆ ಬೇಕಿರುವುದು ಈ ಆಟದ ನಿಯಮಗಳಲ್ಲೇ ಇದೆ. ಹೊರಗಿನಿಂದ ತರುವ ಅಗತ್ಯವಿಲ್ಲ.

ಟೆನಿಸ್‌ನಲ್ಲಿ ಪಾಯಿಂಟ್‌ಗಳು ಸೇರಿ ಒಂದು ಗೇಮ್, ಗೇಮ್‌ಗಳು ಸೇರಿ ಒಂದು ಸೆಟ್, ಸೆಟ್‌ಗಳು ಸೇರಿ ಪಂದ್ಯ. ಸಮ-ಬೆಸವನ್ನೇ ತೆಗೆದುಕೊಳ್ಳಿ. ಪ್ರತಿ ಗೇಮಿನ ಮೊದಲ ಪಾಯಿಂಟ್‌ಗೆ ಸರ್ವ್, ಅಂದರೆ ಆಟ ಶುರು ಮಾಡುವ ಹೊಡೆತ, ಬಲಬದಿಯಿಂದ, ಎರಡನೆಯ ಪಾಯಿಂಟ್‌ಗೆ ಎಡಬದಿಯಿಂದ, ಹೀಗೆ ಬದಲಾಗುತ್ತ ಹೋಗುತ್ತದೆ. ಅಂದರೆ ಇಬ್ಬರೂ ಗೆದ್ದ ಪಾಯಿಂಟ್‌ಗಳನ್ನು ಕೂಡಿದಾಗ ಸಮ ಸಂಖ್ಯೆ ಬಂದರೆ ಬಲಕ್ಕೆ, ಬೆಸ ಬಂದರೆ ಎಡಕ್ಕೆ. ನಡುವೆ ವಾದ ಎದ್ದು ಯಾವ ಬದಿ ಎಂಬುದು ಮರೆತುಹೋದರೂ ಸ್ಕೋರ್ ನೆನಪಿದ್ದರೆ ಸಾಕು, ಜಾಗ ಸಿಕ್ಕಿಬಿಡುತ್ತದೆ. ಗೇಮಿನಲ್ಲಿ ಒಂದು, ಎರಡು, ಮೂರು ಪಾಯಿಂಟ್‌ಗಳನ್ನು 15, 30, 40 ಎಂದು ಕರೆಯುತ್ತಾರೆ. ಹಾಗಾಗಿ 40-30 ಎಂದರೆ ಮೂರು ಮತ್ತು ಎರಡು, ಒಟ್ಟು ಐದು, ಎಡಬದಿ. ಡ್ಯೂಸ್ ಎಂದರೆ 40-40ರಲ್ಲಿ ಅಥವಾ ಅದರ ಮುಂದೆ ಇಬ್ಬರದೂ ಸಮಸಮ, ಎಷ್ಟು ಸಲ ಡ್ಯೂಸ್ ಆದರೂ ಬಲಬದಿಯೇ. “ಏಕೆ ಯಾವಾಗಲೂ ಬಲಬದಿಯೇ?” ಎಂದು ಒಮ್ಮೆ ಕೇಳಿ ಸುಮ್ಮನಿರಿ. ಎರಡು ಒಂದೇ ಸಂಖ್ಯೆಗಳನ್ನು ಕೂಡಿದರೆ ಸಮ ಸಂಖ್ಯೆಯೇ ಬರುತ್ತದೆ ಎಂಬ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ.

ಬದಿ ಬದಲಾಯಿಸುವುದೂ ಹಾಗೆಯೇ. ಒಂದು, ಮೂರು, ಐದು ಗೇಮ್‌ಗಳಾದ ಮೇಲೆ, ಅಂದರೆ ಒಟ್ಟು ಬೆಸವಾದಾಗ ಆಟಗಾರರು ಆಚೆ ಈಚೆ ಹೋಗುತ್ತಾರೆ. ಟೈಬ್ರೇಕ್‌ನಲ್ಲಿ (ಗೇಮ್‌ಗಳು ಸಮಸಮವಾದಾಗ ಸೆಟ್ ತೀರ್ಮಾನಿಸಲು ಆಡುವ ವಿಶೇಷ ಗೇಮ್) ಆರು ಪಾಯಿಂಟ್‌ಗಳಿಗೊಮ್ಮೆ, ಅದು ಆರರ ಮಗ್ಗಿ. ಅಲ್ಲಿ ಸರ್ವ್ ಮಾಡುವ ಕ್ರಮವೂ ಸೊಗಸಾಗಿದೆ. ಮೊದಲು ಒಬ್ಬರು ಒಂದು, ಆಮೇಲೆ ಎದುರಾಳಿ ಎರಡು, ಮತ್ತೆ ಇವರು ಎರಡು.

ಒಂದು ಸೂಚನೆ. ಮಕ್ಕಳ ಕೈಗೆ ಹಳದಿ ಚೆಂಡು ಕೊಡಬೇಡಿ. ಸಣ್ಣವರಿಗೆಂದೇ ಕೆಂಪು, ಕಿತ್ತಳೆ, ಹಸಿರು ಚೆಂಡುಗಳಿವೆ. ಹಳದಿಗಿಂತ ಕೆಂಪು ಸುಮಾರು ಶೇ 75, ಕಿತ್ತಳೆ ಶೇ 50, ಹಸಿರು ಶೇ 25ರಷ್ಟು ನಿಧಾನ. 2012ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಸಾಮಾನ್ಯ ಹಳದಿ ಚೆಂಡನ್ನು ಬಳಸುವಂತಿಲ್ಲ ಎಂದು ನಿಯಮವನ್ನೇ ಮಾಡಿದೆ. ಚೆಂಡು ನಿಧಾನವಾಗಿದ್ದರೆ ಯೋಚಿಸಲು ಸಮಯ ಸಿಗುತ್ತದೆ, ನಿಮ್ಮ ಕೆಲಸಕ್ಕೆ ಅದೇ ಮುಖ್ಯ.

ಪ್ರಶ್ನಾರ್ಥಕ

ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ನೀವು “ಸುಂಕ” ಎಂದು ತಳ್ಳಿಹಾಕಿದ ವಿಧಾನಕ್ಕೆ ಪುರಾವೆಯ ಬಲವಿದೆ. ನೆದರ್‌ಲೆಂಡ್ಸ್‌ನ ಪ್ರಾಥಮಿಕ ಶಾಲೆಗಳಲ್ಲಿ ಎರಡು ವರ್ಷ ನಡೆದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡನೇ ಮತ್ತು ಮೂರನೇ ತರಗತಿಯ ಮಕ್ಕಳು ವಾರಕ್ಕೆ ಮೂರು ಬಾರಿ, ಗಣಿತ ಮತ್ತು ಭಾಷೆಯ ಅಭ್ಯಾಸವನ್ನು ಮೈ ಆಡಿಸುತ್ತ ಮಾಡುತ್ತಿದ್ದರು. ಉತ್ತರ ಎಷ್ಟೋ ಅಷ್ಟು ಸಲ ನಿಂತಲ್ಲೇ ಜಿಗಿಯುವುದು, ಆ ಬಗೆಯ ಚಟುವಟಿಕೆ. ಕುಳಿತು ಕಲಿತವರಿಗಿಂತ ಇವರು ಗಣಿತದಲ್ಲೂ ಕಾಗುಣಿತದಲ್ಲೂ ಮುಂದೆ ಹೋದರು. ಓದುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಜಿಗಿತಕ್ಕೂ ಗುಣಾಕಾರಕ್ಕೂ ಸಂಬಂಧವಿಲ್ಲ, ಆದರೂ ಕೆಲಸ ಮಾಡಿತು. ಹಾಗಿರುವಾಗ ಲೆಕ್ಕ ಆಟದೊಳಗೇ ಇರಬೇಕೆಂಬ ಹಟ ಏಕೆ? ಆ ಹಟದಿಂದ ಶಿಕ್ಷಕರ ತಯಾರಿಯ ಸಮಯ ದುಪ್ಪಟ್ಟಾಗುತ್ತದೆ.

ಮಗ್ಗಿಪ್ರೀತಿ

ಪ್ರಶ್ನಾರ್ಥಕ ಸರ್ ಹೇಳಿದ ಪ್ರಯೋಗ ನನಗೂ ಗೊತ್ತು, ಅದು ಬೆಲೆಯುಳ್ಳದ್ದು. ಆದರೆ ಅಲ್ಲಿ ನಡೆದದ್ದು ಈಗಾಗಲೇ ಪಾಠವಾದ ವಿಷಯದ ಪುನರಭ್ಯಾಸ. ಗೊತ್ತಿರುವ ಮಗ್ಗಿಯನ್ನು ಗಟ್ಟಿ ಮಾಡಲು ಜಿಗಿತ ಸಾಕು. ಭಿನ್ನರಾಶಿ ಎಂದರೇನು, ವಿಸ್ತೀರ್ಣ ಎಂದರೇನು ಎಂದು ಮೊದಲ ಬಾರಿಗೆ ಅರ್ಥವಾಗಲು ಜಿಗಿತ ಸಾಲದು, ಕಣ್ಣೆದುರು ಆ ವಸ್ತು ಇರಬೇಕು. ಟೆನಿಸ್ ಅಂಕಣ ಅಂಥ ವಸ್ತು. ನಾನು ಐದನೇ ತರಗತಿಗೆ ಕಲಿಸುತ್ತೇನೆ, ಅಂಕಣದ ಅಳತೆಗಳನ್ನು ಕೈಗೆತ್ತಿಕೊಂಡರೆ ತಿಂಗಳ ಪಾಠವಿದೆ.

ಮೀಟರಿನಲ್ಲಿ ಈ ಅಳತೆಗಳು ಒರಟಾಗಿ ಕಾಣುತ್ತವೆ: ಉದ್ದ 23.77, ಸಿಂಗಲ್ಸ್ (ಒಬ್ಬರೆದುರು ಒಬ್ಬರ ಆಟ) ಅಗಲ 8.23, ಡಬಲ್ಸ್ (ಇಬ್ಬರೆದುರು ಇಬ್ಬರ ಆಟ) ಅಗಲ 10.97. ಅಡಿಯಲ್ಲಿ ನೋಡಿ, ಎಲ್ಲವೂ ಪೂರ್ಣಸಂಖ್ಯೆಗಳು: 78, 27, 36. ಈ 27 ಮತ್ತು 36ರ ಜೋಡಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ಎರಡೂ ಒಂಬತ್ತರ ಮಗ್ಗಿಯವು. ಮೂರೊಂಬತ್ತು, ನಾಲ್ಕೊಂಬತ್ತು. ಆದ್ದರಿಂದ ಸಿಂಗಲ್ಸ್ ಅಂಕಣ ಡಬಲ್ಸ್ ಅಂಕಣದ ಸರಿಯಾಗಿ ಮುಕ್ಕಾಲು ಭಾಗ. ಉದ್ದ ಎರಡಕ್ಕೂ ಒಂದೇ, ಆದ್ದರಿಂದ ವಿಸ್ತೀರ್ಣವೂ ಮುಕ್ಕಾಲು. 2106 ಚದರ ಅಡಿ ಮತ್ತು 2808 ಚದರ ಅಡಿ, ಬೇಕಾದರೆ ಗುಣಿಸಿ ನೋಡಲಿ. ಉಳಿದ ಕಾಲು ಭಾಗ ಎಲ್ಲಿದೆ ಎಂದು ಕೇಳಿದರೆ ಮಕ್ಕಳು ಎರಡು ಬದಿಯ ಪಟ್ಟಿಗಳತ್ತ ಓಡುತ್ತಾರೆ. ಒಂದೊಂದು ಪಟ್ಟಿಯ ಅಗಲ ನಾಲ್ಕೂವರೆ ಅಡಿ, ಎರಡು ಸೇರಿದರೆ ಒಂಬತ್ತು. ಕಾಲು ಭಾಗ ಒಂದೇ ತುಂಡಾಗಿರಬೇಕಿಲ್ಲ, ಅರೆಕಾಲು ಅರೆಕಾಲಾಗಿ ಎರಡು ಕಡೆ ಹಂಚಿರಬಹುದು ಎಂಬುದನ್ನು ಪುಸ್ತಕದ ಬಣ್ಣ ತುಂಬಿದ ವೃತ್ತಗಳು ಎಂದೂ ತೋರಿಸುವುದಿಲ್ಲ.

ಮಗು ಆ ಪಟ್ಟಿಯ ಮೇಲೆ ನಿಂತು ಉತ್ತರ ಹೇಳುತ್ತದೆ. ನನ್ನ ಮಟ್ಟಿಗೆ ತಯಾರಿಯ ಶ್ರಮಕ್ಕೆ ಅಷ್ಟು ಸಾಕು.

ಪ್ರಶ್ನಾರ್ಥಕ

ಮುಕ್ಕಾಲು ಭಾಗದ ಸಂಗತಿ ಇಷ್ಟವಾಯಿತು. ಹೊಸ ಪರಿಕಲ್ಪನೆ ಮತ್ತು ಪುನರಭ್ಯಾಸ ಬೇರೆ ಬೇರೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ನೀವು ಹೇಳಿದ್ದಕ್ಕೆ ಅಂಕಣ ಸಾಕು, ಆಟ ಬೇಕಾಗಲಿಲ್ಲ. ಖಾಲಿ ಅಂಕಣದಲ್ಲಿ ಟೇಪ್ ಹಿಡಿದು ನಿಂತರೂ ಆದೀತು.

ಅಮ್ಮನಮಾತು

ನಾನು ಶಿಕ್ಷಕಿಯಲ್ಲ, ಪೋಷಕಿ. ನನ್ನ ಮಗಳು ಲೆಕ್ಕದಲ್ಲಿ ನಿಧಾನ, ಓಟದಲ್ಲಿ ಚುರುಕು. ಅವಳ ಶಾಲೆಯಲ್ಲಿ ಉತ್ತರ ಹೇಳಿದವರಿಗೆ ಮಾತ್ರ ಚೆಂಡು ಸಿಗುವ ಆಟವನ್ನು ಕೆಲವು ಕಾಲ ಆಡಿಸಿದರು. ಅವಳು ಸಾಲಿನ ತುದಿಗೆ ಹೋಗಿ ಹೋಗಿ ನಿಲ್ಲತೊಡಗಿದಳು. ತಾನು ಚೆನ್ನಾಗಿ ಮಾಡಬಲ್ಲೆ ಎಂದು ಅವಳಿಗೆ ನಂಬಿಕೆಯಿದ್ದದ್ದು ಮೈದಾನದಲ್ಲಿ ಮಾತ್ರ, ಅಲ್ಲಿಗೂ ಲೆಕ್ಕದ ಭಯ ಬಂದು ಕುಳಿತಿತು.

ಸಂಶೋಧನೆಯ ಸರಾಸರಿಯಲ್ಲಿ ಇಂಥ ಮಗು ಕಾಣುವುದಿಲ್ಲ. ಎಲ್ಲರೆದುರು ಉತ್ತರ ಹೇಳಬೇಕಾದ, ಬೇಗ ಹೇಳಬೇಕಾದ ಯಾವ ಆಟವನ್ನೂ ದಯವಿಟ್ಟು ಇಡಬೇಡಿ. ಇದನ್ನು ಬೇಡಿಕೊಳ್ಳುತ್ತಿದ್ದೇನೆ ಎಂದೇ ತಿಳಿಯಿರಿ.

ಗೋಡೆಹಲಗೆ

ಅಮ್ಮನಮಾತು ಅವರೇ, ನಿಮ್ಮ ಮಾತು ನೇರವಾಗಿ ಮನಸ್ಸಿಗೆ ತಾಗಿತು. ನನಗೆ ಆ ವಿಧಾನ ಏಕೆ ಹಿಡಿಸಲಿಲ್ಲ ಎಂದು ಸರಿಯಾಗಿ ಹೇಳಲು ಆಗಿರಲಿಲ್ಲ, ನೀವು ಹೇಳಿದಿರಿ. ಅದು ಬಲ್ಲವರಿಗೆ ಇನ್ನಷ್ಟು ಅಭ್ಯಾಸ ಕೊಡುತ್ತದೆ, ತಿಳಿಯದವರನ್ನು ಸಾಲಿನ ಕೊನೆಗೆ ತಳ್ಳುತ್ತದೆ.

ಪ್ರಶ್ನಾರ್ಥಕ ಸರ್ ಕೇಳಿದ್ದೂ ನ್ಯಾಯ. ಖಾಲಿ ಅಂಕಣ ಸಾಕಾದರೆ ಆಟ ಏಕೆ? ಇದಕ್ಕೆ ಉತ್ತರ ಬೇಕು.

ಬೇಸ್‌ಲೈನ್

ನಮ್ಮಲ್ಲಿ ಆಡಿಸುವ ಎರಡು ಆಟಗಳನ್ನು ಹೇಳುತ್ತೇನೆ, ಇವುಗಳಲ್ಲಿ ಚೆಂಡಿಲ್ಲದೆ ಲೆಕ್ಕವಿಲ್ಲ.

ಮೊದಲನೆಯದು ಅಂದಾಜಿನ ರ‍್ಯಾಲಿ. ಇಬ್ಬರು ಜೊತೆಗಾರರು, ಎದುರಾಳಿಗಳಲ್ಲ, ಚೆಂಡು ತಪ್ಪುವವರೆಗೆ ಆಚೆ ಈಚೆ ಹೊಡೆಯುತ್ತ ಹೋಗುತ್ತಾರೆ. ರ‍್ಯಾಲಿ ಶುರುವಾಗುವ ಮೊದಲು ಎಷ್ಟು ಹೊಡೆತ ನಡೆಯಬಹುದು ಎಂದು ಇಬ್ಬರೂ ಮಾತಾಡಿಕೊಂಡು ಒಂದು ಸಂಖ್ಯೆ ಬರೆಯುತ್ತಾರೆ. ಆಡುತ್ತಾರೆ, ಎಣಿಸುತ್ತಾರೆ. ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸವೇ ಅವರ ಅಂಕ. ಐದು ಸರದಿ ಮುಗಿದ ಮೇಲೆ ವ್ಯತ್ಯಾಸಗಳ ಮೊತ್ತ ಯಾರದು ಕಡಿಮೆಯೋ ಅವರು ಗೆದ್ದಂತೆ. ಇಲ್ಲಿ ಹನ್ನೆರಡು ಹೊಡೆತದ ಜೋಡಿಯನ್ನು ನಾಲ್ಕೇ ಹೊಡೆತದ ಜೋಡಿ ಸೋಲಿಸಬಹುದು. ತಮ್ಮ ಅಳವನ್ನು ಸರಿಯಾಗಿ ತಿಳಿದವರು ಗೆಲ್ಲುತ್ತಾರೆ. ಮೊದಮೊದಲು ಎಲ್ಲರೂ ಇಪ್ಪತ್ತು, ಮೂವತ್ತು ಎಂದು ಬರೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಹಿಂದಿನ ಸರದಿಗಳನ್ನು ನೋಡಿ ಬರೆಯಲು ಕಲಿಯುತ್ತಾರೆ. ಸರಾಸರಿ ಎಂಬ ಹೆಸರನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಆದರೆ ಅವರು ಮಾಡುತ್ತಿರುವುದು ಅದನ್ನೇ. ಬೇಕೆಂದೇ ರ‍್ಯಾಲಿ ನಿಲ್ಲಿಸಿ ಅಂದಾಜು ಹೊಂದಿಸುವವರು ಇರುತ್ತಾರೆ. ಅದನ್ನು ತಡೆಯುವ ನಿಯಮವನ್ನು ಮಕ್ಕಳೇ ಮಾಡಲಿ ಎಂದು ಬಿಟ್ಟರೆ ಅದೂ ಒಳ್ಳೆಯ ಚರ್ಚೆ.

ಎರಡನೆಯದು ಸರಿಯಾಗಿ ಐವತ್ತು. ಎದುರು ಅಂಕಣವನ್ನು ಸೀಮೆಸುಣ್ಣದಲ್ಲಿ ಮೂರು ಪಾಲು ಮಾಡಿ 2, 5, 10 ಎಂದು ಬರೆಯಿರಿ. ಚೆಂಡು ಬಿದ್ದ ಪಾಲಿನ ಸಂಖ್ಯೆ ಸೇರುತ್ತದೆ. ಸರಿಯಾಗಿ 50 ಮುಟ್ಟಬೇಕು, ದಾಟಿದರೆ ಆ ಹೊಡೆತ ಲೆಕ್ಕಕ್ಕಿಲ್ಲ. 43ರಲ್ಲಿ ನಿಂತ ಮಗು ಏನು ಮಾಡುತ್ತದೆ ನೋಡಿ. ಏಳು ಬೇಕು. ಐದು ಮತ್ತು ಎರಡು ಸಾಕು, ಆದರೆ ಮೊದಲು ಯಾವುದಕ್ಕೆ ಗುರಿ ಇಡಬೇಕು? ಹತ್ತರ ಪಾಲು ಇನ್ನು ಉಪಯೋಗವಿಲ್ಲ. 49ಕ್ಕೆ ಬಂದವರ ಗತಿಯೇನು? ಅವರು ಸಿಕ್ಕಿಹಾಕಿಕೊಂಡಂತೆಯೇ, ಒಂದು ಎಲ್ಲಿಂದಲೂ ಬರುವುದಿಲ್ಲ. ಹಾಗಾದರೆ 47ರಲ್ಲಿ ಎರಡು ಹೊಡೆಯಬಹುದೇ? ಹೊಡೆದರೆ 49. ಅಂದರೆ 47 ಕೂಡ ಅಪಾಯದ ಜಾಗ. ಹಿಂದಕ್ಕೆ ಎಣಿಸುತ್ತ ಯೋಚಿಸುವುದು ಗಣಿತದಲ್ಲಿ ದೊಡ್ಡ ವಿದ್ಯೆ. ಒಂಬತ್ತು ವರ್ಷದ ಮಕ್ಕಳು ಅದನ್ನು ಚೆಂಡು ಕೈಯಲ್ಲಿ ಹಿಡಿದು ಮಾಡುತ್ತಾರೆ.

ಅಮ್ಮನಮಾತು ಅವರೇ, ಈ ಎರಡರಲ್ಲೂ ಯಾರೂ ಯಾರನ್ನೂ ಎಲ್ಲರೆದುರು ಪ್ರಶ್ನೆ ಕೇಳುವುದಿಲ್ಲ, ಗಡಿಯಾರವೂ ಇಲ್ಲ.

ಮಗ್ಗಿಪ್ರೀತಿ

47ರ ಅಪಾಯ! ಇದನ್ನು ನಾಳೆಯೇ ಮಾಡಿಸುತ್ತೇನೆ. ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಪಾಲುಗಳ ಸಂಖ್ಯೆಯನ್ನು ನಾವು ಬರೆಯುವುದು ಬೇಡ, ಮಕ್ಕಳೇ ನಿಗದಿ ಮಾಡಲಿ. ಮೊದಲು ಸಂಖ್ಯೆಯಿಲ್ಲದ ಮೂರು ಪಾಲುಗಳಿಗೆ ಪ್ರತಿಯೊಬ್ಬರೂ ಹತ್ತು ಚೆಂಡು ಹೊಡೆಯಲಿ, ಎಲ್ಲಿ ಎಷ್ಟು ಬಿದ್ದವು ಎಂದು ಗೀಟು ಹಾಕಿ ಬರೆದುಕೊಳ್ಳಲಿ. ನಾಲ್ಕು ನಿಂತ ಗೀಟು, ಐದನೆಯದು ಅಡ್ಡಗೀಟು. ತರಗತಿಯದೆಲ್ಲ ಸೇರಿಸಿದರೆ ಒಂದು ಪಾಲಿನಲ್ಲಿ ಬಹಳ, ಇನ್ನೊಂದರಲ್ಲಿ ಬೆರಳೆಣಿಕೆಯಷ್ಟು ಬಂದಿರುತ್ತವೆ. ಈಗ ಕೇಳಿ: ಯಾವ ಪಾಲಿಗೆ ಎಷ್ಟು ಅಂಕ ಕೊಟ್ಟರೆ ನ್ಯಾಯ?

ಹಿಂದೊಮ್ಮೆ ನನ್ನ ತರಗತಿಯಲ್ಲಿ ಇದನ್ನಷ್ಟೇ ಮಾಡಿಸಿದಾಗ ಇಲ್ಲಿಯೇ ದೊಡ್ಡ ವಾದ ಎದ್ದಿತು. ಸಣ್ಣ ಪಾಲಿಗೆ ಹೆಚ್ಚು ಅಂಕ ಎಂದು ಕೆಲವರು, ಕಡಿಮೆ ಚೆಂಡು ಬಿದ್ದ ಪಾಲಿಗೆ ಹೆಚ್ಚು ಎಂದು ಇನ್ನು ಕೆಲವರು. ಎರಡೂ ಒಂದೇ ಅಲ್ಲ, ಏಕೆಂದರೆ ಬಲೆಯ ಹತ್ತಿರದ ಪಾಲು ದೊಡ್ಡದಾಗಿದ್ದರೂ ಅಲ್ಲಿ ಚೆಂಡು ಬೀಳಿಸುವುದು ಕಷ್ಟ. ಅಳತೆ ಹೇಳುವುದೇ ಬೇರೆ, ಎಣಿಕೆ ಹೇಳುವುದೇ ಬೇರೆ. ಸಂಭವನೀಯತೆಯ ಪಾಠ ಮುಂದಿನ ತರಗತಿಗಳಲ್ಲಿ ಬಂದಾಗ ಈ ಮಕ್ಕಳಿಗೆ ಅದು ಹೊಸದಾಗಿರುವುದಿಲ್ಲ.

ಪ್ರಶ್ನಾರ್ಥಕ ಸರ್, ಖಾಲಿ ಅಂಕಣದಲ್ಲಿ ಈ ವಾದ ಹುಟ್ಟುವುದಿಲ್ಲ. ಹೊಡೆದು ನೋಡಿದವರಿಗೆ ಮಾತ್ರ ಹುಟ್ಟುತ್ತದೆ.

ಪ್ರಶ್ನಾರ್ಥಕ

ಒಪ್ಪಿದೆ. ಈಗ ಬೇರೆ ಕಷ್ಟ ಕೇಳುತ್ತೇನೆ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಇಬ್ಬರು ಆಡಿದರೆ ಮೂವತ್ತೆಂಟು ಮಂದಿ ಏನು ಮಾಡುತ್ತಾರೆ?

ಹೊಸಪಾಠ

ನಾನಿನ್ನೂ ಶಿಕ್ಷಕರ ತರಬೇತಿಯಲ್ಲಿದ್ದೇನೆ. ಇದೇ ಪ್ರಶ್ನೆ ನನ್ನದೂ. ಜೊತೆಗೆ ಇನ್ನೊಂದು: 15, 30, 40 ಎಂಬ ಎಣಿಕೆ ಸಣ್ಣ ಮಕ್ಕಳನ್ನು ಗೊಂದಲಕ್ಕೆ ಕೆಡವುವುದಿಲ್ಲವೇ? ಹದಿನೈದರ ಮಗ್ಗಿ ಕಲಿಸಲು ಇದು ಒಳ್ಳೆಯದು ಎಂದು ಒಬ್ಬರು ಹೇಳಿದರು. ಆದರೆ 30ರ ನಂತರ 45 ಬರಬೇಕಿತ್ತಲ್ಲ?

ಬೇಸ್‌ಲೈನ್

ಮೊದಲು ಎಣಿಕೆಯ ವಿಚಾರ. 15, 30, 40 ಇವು ಪಾಯಿಂಟ್‌ನ ಹೆಸರುಗಳು ಮಾತ್ರ, ಪ್ರಮಾಣಗಳಲ್ಲ. ಮೊದಲ ಪಾಯಿಂಟ್ ಹದಿನೈದು ಪಟ್ಟು ದೊಡ್ಡದೂ ಅಲ್ಲ, ಮೂರನೆಯದು ಹತ್ತರಷ್ಟು ಸಣ್ಣದೂ ಅಲ್ಲ. ಮಗ್ಗಿ ಕಲಿಸಲು ಇದನ್ನು ಬಳಸಬೇಡಿ, ಮೂರನೇ ಹೆಜ್ಜೆಯಲ್ಲೇ ಮಗ್ಗಿ ಮುರಿಯುತ್ತದೆ. ಸಣ್ಣವರಿಗೆ 0, 1, 2, 3 ಎಂದೇ ಎಣಿಸಿ. ಟೈಬ್ರೇಕ್‌ನಲ್ಲಿ ದೊಡ್ಡ ಆಟಗಾರರೂ ಹಾಗೆಯೇ ಎಣಿಸುತ್ತಾರೆ, ಏಳು ತಲುಪಬೇಕು ಮತ್ತು ಎರಡರ ಅಂತರ ಇರಬೇಕು. “ಎರಡರ ಅಂತರ” ಎಂಬ ನಿಯಮವೊಂದರಿಂದಲೇ ವ್ಯವಕಲನಕ್ಕೆ ಜೀವ ಬರುತ್ತದೆ. 6-6 ಆದಾಗ “ಇನ್ನು ಕನಿಷ್ಠ ಎಷ್ಟು ಪಾಯಿಂಟ್ ಆಡಬೇಕು?” ಎಂದು ಕೇಳಿ. 6-5 ಆದಾಗ?

ಜಾಗದ ವಿಚಾರ. ದೊಡ್ಡ ಅಂಕಣ ಬೇಡವೇ ಬೇಡ. ಕೆಂಪು ಚೆಂಡಿನ ಅಂಕಣದ ಉದ್ದ ಸುಮಾರು 11 ಮೀಟರ್ ಇದ್ದರೆ ಸಾಕು. ಡಬಲ್ಸ್ ಅಂಕಣದ ಅಗಲವೂ 10.97 ಮೀಟರ್, ಆದ್ದರಿಂದ ಒಂದು ಸಾಮಾನ್ಯ ಅಂಕಣದಲ್ಲಿ ಅಡ್ಡಡ್ಡವಾಗಿ ನಾಲ್ಕು ಪುಟ್ಟ ಅಂಕಣಗಳು ಹಿಡಿಯುತ್ತವೆ. ಅಂಕಣವೇ ಇಲ್ಲದಿದ್ದರೆ ಸಮತಟ್ಟಾದ ನೆಲ, ಸೀಮೆಸುಣ್ಣ, ಎರಡು ಕಂಬಕ್ಕೆ ಕಟ್ಟಿದ ಹಗ್ಗ. ರ‍್ಯಾಕೆಟ್ ಇಲ್ಲದಿದ್ದರೆ ಅಂಗೈ, ಮೆತ್ತನೆಯ ಚೆಂಡು. ಅಂದಾಜಿನ ರ‍್ಯಾಲಿ ಹೀಗೂ ಚೆನ್ನಾಗಿ ನಡೆಯುತ್ತದೆ.

ಮಗ್ಗಿಪ್ರೀತಿ

ಉಳಿದ ಮಕ್ಕಳ ಬಗ್ಗೆ: ಪ್ರತಿ ಪುಟ್ಟ ಅಂಕಣಕ್ಕೂ ಎಂಟು ಅಥವಾ ಹತ್ತು ಮಕ್ಕಳ ಗುಂಪು ಮಾಡುತ್ತೇನೆ. ಇಬ್ಬರು ಅಥವಾ ನಾಲ್ವರು ಆಡುತ್ತಾರೆ, ಒಬ್ಬರು ಅಂಪೈರ್, ಒಬ್ಬರು ಸ್ಕೋರ್ ಬರೆಯುವವರು, ಇಬ್ಬರು ಚೆಂಡು ಬಿದ್ದ ಜಾಗವನ್ನು ಚೌಕುಳಿ ಹಾಳೆಯಲ್ಲಿ ಗುರುತಿಸುವವರು, ಉಳಿದವರು ಚೆಂಡು ಹೆಕ್ಕುವವರು. ಸರದಿ ಬದಲಾಗುತ್ತದೆ. ಗುರುತಿಸುವ ಕೆಲಸವೇ ನನಗೆ ಬಹಳ ಮುಖ್ಯ, ಏಕೆಂದರೆ ಮೈದಾನದ ಗಣಿತ ತರಗತಿಗೆ ಹಿಂದಿರುಗುವುದು ಆ ಹಾಳೆಯ ಮೂಲಕ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಎಂದರೆ ಇಡೀ ಡಬಲ್ಸ್ ಅಂಕಣ ಸುಮಾರು 24 ಸೆಂಮೀ ಉದ್ದ, 11 ಸೆಂಮೀ ಅಗಲ, ಒಂದು ಪುಟದಲ್ಲಿ ಕೂರುತ್ತದೆ. ಮಾರನೆಯ ದಿನ ಆ ಹಾಳೆಯನ್ನೇ ಎದುರಿಟ್ಟು ಪಾಠ. ಇದನ್ನು ಬಿಟ್ಟರೆ ಮಕ್ಕಳಿಗೆ ಆಟದ ನೆನಪು ಮಾತ್ರ ಉಳಿಯುತ್ತದೆ, ಗಣಿತ ಮೈದಾನದಲ್ಲೇ ಉಳಿದುಹೋಗುತ್ತದೆ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಡಬಲ್ಸ್ ಆಡಿಸಿದರೆ ಇನ್ನೊಂದು ಲಾಭ. ಒಂದು ಸೆಟ್‌ನಲ್ಲಿ ನಾಲ್ವರೂ ಸರದಿಯಂತೆ ಒಂದೊಂದು ಗೇಮ್ ಸರ್ವ್ ಮಾಡುತ್ತಾರೆ. ಒಂಬತ್ತನೇ ಗೇಮ್ ಯಾರದು? ಒಂಬತ್ತನ್ನು ನಾಲ್ಕರಿಂದ ಭಾಗಿಸಿದರೆ ಶೇಷ ಒಂದು, ಆದ್ದರಿಂದ ಮೊದಲನೆಯವರದು. ಶೇಷ ಸೊನ್ನೆ ಬಂದರೆ ನಾಲ್ಕನೆಯವರದು. ಭಾಗಾಕಾರದಲ್ಲಿ ಶೇಷವನ್ನು ಮಿಕ್ಕಿದ್ದು ಎಂದು ಪಕ್ಕಕ್ಕೆ ಸರಿಸಲು ನಾವೇ ಕಲಿಸಿರುತ್ತೇವೆ. ಇಲ್ಲಿ ಬೇಕಾಗಿರುವುದೇ ಶೇಷ, ಭಾಗಲಬ್ಧ ಯಾರಿಗೂ ಬೇಡ.

ಗಾಲಿಅಂಕಣ

ಗಾಲಿಕುರ್ಚಿಯಲ್ಲಿ ಟೆನಿಸ್ ಆಡುತ್ತೇನೆ, ಶಾಲೆಗಳಿಗೆ ಹೋಗಿ ಆಡಿಸುತ್ತೇನೆ. ಗಾಲಿಕುರ್ಚಿ ಟೆನಿಸ್‌ನಲ್ಲಿ ಚೆಂಡು ಎರಡು ಸಲ ಪುಟಿಯಬಹುದು, ಎರಡನೆಯ ಪುಟಿತ ಅಂಕಣದ ಹೊರಗೆ ಬಿದ್ದರೂ ಆದೀತು. ತರಗತಿಯಲ್ಲಿ ಚಲನೆ ಕಷ್ಟವಿರುವ ಮಗು ಇದ್ದರೆ ಅವರನ್ನು ಸ್ಕೋರ್ ಬರೆಯಲು ಕೂರಿಸುವುದು ಎಲ್ಲ ಕಡೆ ನಡೆಯುತ್ತದೆ, ಅದು ತಪ್ಪಬೇಕು. ಅವರಿಗೆ ಎರಡು ಪುಟಿತ ಕೊಟ್ಟು ಆಡಿಸಿ. ಬೇಕಾದರೆ ಎಲ್ಲರಿಗೂ ಎರಡು ಪುಟಿತ ಇರಲಿ, ಹೊಸದಾಗಿ ಕಲಿಯುವ ಯಾವ ಮಗುವಿಗೂ ಅದು ಒಳ್ಳೆಯದೇ.

ಪುಟಿತದಲ್ಲೇ ಒಂದು ಒಳ್ಳೆಯ ಪಾಠವೂ ಇದೆ. ಹಳದಿ ಚೆಂಡನ್ನು ಪರೀಕ್ಷಿಸುವ ನಿಯಮ ಹೀಗಿದೆ: 254 ಸೆಂಮೀ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂಮೀ ನಡುವೆ ಮೇಲೇಳಬೇಕು. ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಮಕ್ಕಳು ಗೋಡೆಗೆ ಅಳತೆಪಟ್ಟಿ ಅಂಟಿಸಿ ಒಂದು ಮೀಟರಿನಿಂದ ಬಿಟ್ಟು ನೋಡಲಿ, ಮೊದಲೇ ಅಂದಾಜು ಬರೆದಿಟ್ಟುಕೊಂಡು. ಹೊಸ ಚೆಂಡು, ಹಳೆಯ ಚೆಂಡು, ಕೆಂಪು ಚೆಂಡು ಮೂರನ್ನೂ ಹೋಲಿಸಲಿ. ಅರ್ಧ, ಅರ್ಧಕ್ಕಿಂತ ಹೆಚ್ಚು, ಅರ್ಧಕ್ಕಿಂತ ಕಡಿಮೆ ಎಂಬ ಮೂರು ಮಾತು ಸಾಕು, ಮೂರನೇ ತರಗತಿಯವರಿಗೂ ಮಾಡಿಸಬಹುದು. ಐದನೆಯವರಾದರೆ ಎರಡನೆಯ ಪುಟಿತದ ಎತ್ತರವನ್ನೂ ಅಳೆಯಲಿ. ಅರ್ಧದ ಅರ್ಧ ಕಾಲು ಎನ್ನುವುದು ಗೋಡೆಯ ಮೇಲೆ ಕಾಣುತ್ತದೆ. ಚೆಂಡು ಅರ್ಧಕ್ಕಿಂತ ಹೆಚ್ಚು ಪುಟಿಯುವುದರಿಂದ ಕಾಲಿಗಿಂತ ಹೆಚ್ಚೇ ಬರುತ್ತದೆ, ಏಕೆ ಎಂದು ಅವರೇ ಹೇಳಲಿ.

ಅಮ್ಮನಮಾತು

ಗಾಲಿಅಂಕಣ ಅವರಿಗೆ ನಮಸ್ಕಾರ. ಎಲ್ಲರಿಗೂ ಎರಡು ಪುಟಿತ ಎಂಬ ಮಾತು ಬಹಳ ಹಿಡಿಸಿತು.

ಮನೆಯಲ್ಲಿ ಪೋಷಕರು ಮಾಡಬಹುದಾದದ್ದು ಏನಾದರೂ ಇದೆಯೇ? ಮಗಳು ಟಿವಿಯಲ್ಲಿ ಟೆನಿಸ್ ನೋಡುತ್ತಾಳೆ.

ಬೇಸ್‌ಲೈನ್

ಧಾರಾಳವಾಗಿದೆ. ದೊಡ್ಡ ಪಂದ್ಯಗಳ ಸ್ಕೋರ್ ಪಟ್ಟಿಗಳೇ ಒಳ್ಳೆಯ ಲೆಕ್ಕದ ಪುಸ್ತಕ. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಆಡಿದ ಪಂದ್ಯ ಮೂರು ದಿನ ನಡೆಯಿತು. ಇಸ್ನರ್ ಗೆದ್ದ ಸ್ಕೋರ್ 6-4, 3-6, 6-7, 7-6, 70-68. ಒಟ್ಟು ಎಷ್ಟು ಗೇಮ್? ಕೂಡಿಸಿದರೆ 183. ಪಂದ್ಯದ ಒಟ್ಟು ಅವಧಿ 11 ಗಂಟೆ 5 ನಿಮಿಷ, ಅದರಲ್ಲಿ ಕೊನೆಯ ಸೆಟ್ ಒಂದೇ 8 ಗಂಟೆ 11 ನಿಮಿಷ. ಹಾಗಾದರೆ ಮೊದಲ ನಾಲ್ಕು ಸೆಟ್‌ಗಳಿಗೆ ಹಿಡಿದದ್ದು? ಗಂಟೆ ಬಿಡಿಸಿ 60 ನಿಮಿಷ ಪಡೆದು ಕಳೆಯಬೇಕಾದ ಲೆಕ್ಕ, 2 ಗಂಟೆ 54 ನಿಮಿಷ. ಪುಸ್ತಕದಲ್ಲಿ ಬಂದಾಗ ಇದೇ ಲೆಕ್ಕಕ್ಕೆ ಮುಖ ತಿರುಗಿಸುವ ಮಕ್ಕಳು ಇಲ್ಲಿ ತಾವಾಗಿ ಮಾಡುತ್ತಾರೆ, ಏಕೆಂದರೆ ಒಂದು ಸೆಟ್ ಉಳಿದ ನಾಲ್ಕಕ್ಕಿಂತ ಅಷ್ಟು ಉದ್ದವಾಯಿತೇ ಎಂದು ಅವರಿಗೆ ನಂಬಲಾಗುವುದಿಲ್ಲ.

ದೊಡ್ಡ ಟೂರ್ನಿಯ ಸಿಂಗಲ್ಸ್‌ನಲ್ಲಿ 128 ಆಟಗಾರರು ಇರುತ್ತಾರೆ. ಅರ್ಧ ಮಾಡುತ್ತ ಹೋದರೆ ಏಳು ಸುತ್ತು. ಒಟ್ಟು ಎಷ್ಟು ಪಂದ್ಯ? 64, 32, 16 ಎಂದು ಕೂಡಿಸುತ್ತ ಹೋಗಬಹುದು. ಕೂಡಿಸದೆಯೂ ಹೇಳಬಹುದು: ಪ್ರತಿ ಪಂದ್ಯಕ್ಕೆ ಒಬ್ಬರು ಸೋತು ಹೊರಹೋಗುತ್ತಾರೆ, ಕೊನೆಗೆ ಒಬ್ಬರು ಉಳಿಯಬೇಕು, ಆದ್ದರಿಂದ 127. ಇದನ್ನು ಮಗಳಿಗೆ ಹೇಳಿಬಿಡಬೇಡಿ. ಅವಳು ಕೂಡಿಸಿ ಮುಗಿಸಿದ ಮೇಲೆ “128ಕ್ಕಿಂತ ಒಂದೇ ಕಡಿಮೆ, ಏಕಿರಬಹುದು?” ಎಂದಷ್ಟೇ ಕೇಳಿ.

ಮಗ್ಗಿಪ್ರೀತಿ

ನಾನು ಸೇರಿಸುವುದೊಂದಿದೆ. ಟೆನಿಸ್‌ನಲ್ಲಿ ಹೆಚ್ಚು ಪಾಯಿಂಟ್ ಗೆದ್ದವರೇ ಪಂದ್ಯ ಗೆಲ್ಲಬೇಕೆಂದಿಲ್ಲ. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಜೊಕೊವಿಚ್ ಫೆಡರರ್‌ರನ್ನು 7-6, 1-6, 7-6, 4-6, 13-12ರಿಂದ ಸೋಲಿಸಿದರು. ಗೇಮ್‌ಗಳನ್ನು ಕೂಡಿ ನೋಡಿ. ಗೆದ್ದ ಜೊಕೊವಿಚ್‌ಗೆ 32, ಸೋತ ಫೆಡರರ್‌ಗೆ 36. ಪಾಯಿಂಟ್‌ಗಳೂ ಹಾಗೆಯೇ, 204 ಮತ್ತು 218. ಮಕ್ಕಳಿಗೆ ಇದನ್ನು ಕೊಟ್ಟಾಗ ಮೊದಲು “ತಪ್ಪು ಕೂಡಿದ್ದೇವೆ” ಎಂದು ಮತ್ತೆ ಕೂಡುತ್ತಾರೆ. ಆಮೇಲೆ ಅವರಿಗೆ ಕೊಡಬೇಕಾದ ಸವಾಲು: ಮೂರು ಸೆಟ್‌ಗಳ ಪಂದ್ಯದಲ್ಲಿ ಗೆದ್ದವರಿಗಿಂತ ಸೋತವರಿಗೆ ಹೆಚ್ಚು ಗೇಮ್ ಬರುವಂಥ ಸ್ಕೋರ್ ನೀವೇ ರಚಿಸಿ. 6-4, 0-6, 6-4 ಎಂದರೆ 12 ಮತ್ತು 14. ಇಂಥವು ಇನ್ನೆಷ್ಟಿವೆ? ವ್ಯತ್ಯಾಸ ಅತಿ ಹೆಚ್ಚು ಎಷ್ಟಾಗಬಹುದು? ಈ ಕೊನೆಯ ಪ್ರಶ್ನೆಗೆ ಮಕ್ಕಳು ತುಂಬ ಹೊತ್ತು ತಲೆ ಕೆಡಿಸಿಕೊಳ್ಳುತ್ತಾರೆ, ಬಿಡಬೇಕು.

ಪ್ರಶ್ನಾರ್ಥಕ

ಇಷ್ಟು ಓದಿದ ಮೇಲೆ ನನ್ನ ನಿಲುವು ಎಲ್ಲಿ ನಿಂತಿದೆ ಎಂದು ಹೇಳಬೇಕು. ಪುನರಭ್ಯಾಸಕ್ಕೆ ಜಿಗಿತ ಸಾಕು ಎಂಬುದನ್ನು ಈಗಲೂ ನಂಬುತ್ತೇನೆ. ಆದರೆ ಅದನ್ನು ಟೆನಿಸ್ ಮೂಲಕ ಗಣಿತ ಎಂದು ಕರೆಯಬಾರದು. ಇಲ್ಲಿ ಬಂದ 47ರ ಲೆಕ್ಕ, ಪಾಲುಗಳ ಅಂಕ ನಿಗದಿ, ಶೇಷದಿಂದ ಸರ್ವ್ ಸರದಿ ಇವೇ ಆ ಹೆಸರಿಗೆ ತಕ್ಕವು.

ಒಂದು ಎಚ್ಚರಿಕೆ ಉಳಿದಿದೆ. ವಾರಕ್ಕೊಂದು ಅವಧಿ ಮೈದಾನಕ್ಕೆ ಹೋಯಿತು ಎಂದು ಬರವಣಿಗೆಯ ಅಭ್ಯಾಸ ಕಡಿಮೆಯಾಗಬಾರದು. ಎಲ್ಲ ಪಾಠಕ್ಕೂ ಟೆನಿಸ್ ಹೊಂದುವುದಿಲ್ಲ. ಉದಾಹರಣೆಗೆ ದೊಡ್ಡ ಸಂಖ್ಯೆಗಳ ಸ್ಥಾನಬೆಲೆಯನ್ನು ಟೆನಿಸ್‌ಗೆ ಎಳೆದು ತಂದರೆ ಮತ್ತೆ ಅದೇ ಸುಂಕದ ಕತೆಯಾಗುತ್ತದೆ.

ಗೋಡೆಹಲಗೆ

ಅದು ಖಂಡಿತ. ಹೊಂದದ ಪಾಠವನ್ನು ಒಳಗೇ ಮಾಡುತ್ತೇನೆ. ಮಾರನೆಯ ದಿನ ಹಾಳೆ ಎದುರಿಟ್ಟುಕೊಂಡು ಪಾಠ ಮಾಡುವ ಮಗ್ಗಿಪ್ರೀತಿ ಅವರ ಕ್ರಮವನ್ನೂ ವೇಳಾಪಟ್ಟಿಯಲ್ಲೇ ಬರೆಸಿಕೊಂಡಿದ್ದೇನೆ.

ಆಟದ ಶಿಕ್ಷಕರಿಗೆ ಈ ಚರ್ಚೆಯನ್ನೆಲ್ಲ ಓದಿ ಹೇಳಿದೆ. ಅವರಿಗೆ ಒಂದು ಸಂಶಯ: ಆಟದಲ್ಲಿ ಬಹಳ ಮುಂದಿರುವ ಮಗುವನ್ನೂ ಈಗತಾನೆ ರ‍್ಯಾಕೆಟ್ ಹಿಡಿದ ಮಗುವನ್ನೂ ಎದುರುಬದುರು ನಿಲ್ಲಿಸಿದರೆ ಇಬ್ಬರಿಗೂ ಬೇಸರ. ಅಂದಾಜಿನ ರ‍್ಯಾಲಿಯಲ್ಲಿ ಆ ತೊಂದರೆ ಇಲ್ಲ, ಆದರೆ ಪಂದ್ಯವನ್ನೂ ಆಡಿಸಬೇಕೆಂದಿದ್ದಾರೆ.

ಬೇಸ್‌ಲೈನ್

ಅದಕ್ಕೆ ಟೆನಿಸ್‌ನಲ್ಲಿ ಹಳೆಯ ಉಪಾಯವೇ ಇದೆ, ಮುಂಗಡ ಕೊಟ್ಟು ಆಡುವುದು. ಹತ್ತು ಪಾಯಿಂಟ್‌ಗಳ ಆಟದಲ್ಲಿ ಹೊಸಬರು 3ರಿಂದ ಶುರು ಮಾಡಲಿ. ಸಾಲದಿದ್ದರೆ ಬಲ್ಲವರು ಸೊನ್ನೆಗಿಂತ ಕೆಳಗಿನಿಂದ, ಸೊನ್ನೆಗೆ ಬರಲು ಎರಡು ಬೇಕು ಎಂಬ ಜಾಗದಿಂದ ಶುರು ಮಾಡಲಿ. ನೆಲದ ಮೇಲೆ ಒಂದು ಸಂಖ್ಯಾರೇಖೆ ಎಳೆದು ಪ್ರತಿಯೊಬ್ಬರ ಹೆಸರಿನ ಕಲ್ಲನ್ನು ಅದರ ಮೇಲೆ ಸರಿಸುತ್ತ ಹೋದರೆ ಋಣ ಸಂಖ್ಯೆ ಎಂಬ ಪದ ಬರುವ ಮೊದಲೇ ಅದರ ಜಾಗ ಗೊತ್ತಾಗಿರುತ್ತದೆ. ಎಷ್ಟು ಮುಂಗಡ ಕೊಟ್ಟರೆ ಸಮಬಲದ ಆಟವಾಗುತ್ತದೆ ಎಂಬುದನ್ನು ನೀವು ತೀರ್ಮಾನಿಸಬೇಡಿ. ಪ್ರತಿ ಆಟ ಮುಗಿದ ಮೇಲೆ ಆ ಇಬ್ಬರೇ ಅಂತರ ನೋಡಿ ಮುಂದಿನ ಆಟದ ಮುಂಗಡ ಮಾತಾಡಿಕೊಳ್ಳಲಿ. ಅಂತರ ನಾಲ್ಕಿದ್ದರೆ ಮುಂಗಡವನ್ನು ನಾಲ್ಕು ಹೆಚ್ಚಿಸಬೇಕೇ, ಎರಡು ಸಾಕೇ ಎಂದು ಅವರು ಜಗಳವಾಡುತ್ತಾರೆ. ಆ ಹೊತ್ತಿನಲ್ಲಿ ನೀವು ಪಕ್ಕದ ಅಂಕಣಕ್ಕೆ ಹೋಗಿ.

ಹೊಸಪಾಠ

ಮೊದಲ ವಾರ ಯಾವ ಆಟದಿಂದ ಶುರು ಮಾಡುತ್ತೀರಿ, ಗೋಡೆಹಲಗೆ ಮೇಡಂ? ಅದನ್ನೇ ನಾನೂ ಅಭ್ಯಾಸ ಪಾಠಕ್ಕೆ ಇಟ್ಟುಕೊಳ್ಳುತ್ತೇನೆ.

ಗೋಡೆಹಲಗೆ

ಅಂದಾಜಿನ ರ‍್ಯಾಲಿ. ಕೆಂಪು ಚೆಂಡು, ಎಲ್ಲರಿಗೂ ಎರಡು ಪುಟಿತ, ಐದು ಸರದಿ. ಪ್ರತಿ ಜೋಡಿಗೆ ಒಂದು ಚೀಟಿ, ಅದರಲ್ಲಿ ಮೂರು ಕಲಂ: ಅಂದಾಜು, ನಿಜ, ವ್ಯತ್ಯಾಸ. ಚೀಟಿಗಳನ್ನು ಮಕ್ಕಳ ಹೆಸರಿಲ್ಲದೆ ಗುರುತಿನ ಬಣ್ಣದಿಂದ ಮಾತ್ರ ಇಡುತ್ತೇನೆ. ನಿಮ್ಮ ಚೀಟಿಗಳಲ್ಲಿ ಐದನೇ ಸರದಿಯ ವ್ಯತ್ಯಾಸ ಮೊದಲನೆಯದಕ್ಕಿಂತ ಕಡಿಮೆಯಾಗಿದೆಯೇ ಎಂಬುದನ್ನು ಇಲ್ಲಿ ಬರೆಯಿರಿ, ನಾನೂ ಬರೆಯುತ್ತೇನೆ.